ಹಡಗಿನ ನಕ್ಷೆ ಓದುವುದು ಹೇಗೆ: ‘ಎಲ್ಲಿಂದ ಅಳೆದದ್ದು?’ ಎಂಬಲ್ಲಿಂದ ಶುರು ಮಾಡಿ

ಹಡಗು ವಿನ್ಯಾಸದ ಪದಪಟ್ಟಿಯನ್ನು ಬಾಯಿಪಾಠ ಮಾಡಿದವರು ಮೊದಲ ನಕ್ಷೆಯ ಮುಂದೆಯೇ ತಡವರಿಸುತ್ತಾರೆ. ಡ್ರಾಫ್ಟ್ ಎಂದರೇನು, ಟ್ರಿಮ್ ಎಂದರೇನು ಎಂದು ಕೇಳಿದರೆ ಥಟ್ಟನೆ ಹೇಳುತ್ತಾರೆ. ಆದರೆ ಅದೇ ಡ್ರಾಫ್ಟನ್ನು, ಅಂದರೆ ಹಡಗು ನೀರಿನಲ್ಲಿ ಮುಳುಗಿರುವ ಆಳವನ್ನು, ತಳದ ನಡುವಿನ ಕೀಲ್ ತಗಡಿನ ಮೇಲಿನಿಂದ ಅಳೆದಿದ್ದಾರೋ ಕೆಳಗಿನಿಂದಲೋ ಎಂದರೆ ಉತ್ತರ ಇರುವುದಿಲ್ಲ. ಲೆಕ್ಕ ಕೆಡುವುದು ಹೆಚ್ಚಾಗಿ ಅಲ್ಲೇ. ಆದ್ದರಿಂದ ಯಾವ ಪದ ಎದುರಾದರೂ ಮೊದಲು ಎಲ್ಲಿಂದ ಅಳೆದದ್ದು ಎಂದು ಕೇಳಿ, ಅರ್ಥವನ್ನು ಆಮೇಲೆ ನೋಡಿದರಾಯಿತು.

ಕೈಯಲ್ಲಿ ಒಂದು ಕ್ಯಾಲ್ಕುಲೇಟರ್, ಪೆನ್ಸಿಲ್ ಇಟ್ಟುಕೊಳ್ಳಿ. ಅಭ್ಯಾಸಕ್ಕೆ ನಿಜವಾದ ಹಡಗು ಬೇಡ, ಇಟ್ಟಿಗೆಯಂತೆ ಚೌಕಾಕಾರದ ಒಂದು ಬಾರ್ಜ್ (ಸರಕು ಹೊರುವ ಚಪ್ಪಟೆ ತಳದ ದೋಣಿ) ಸಾಕು: ಉದ್ದ 60 ಮೀ., ಅಗಲ 12 ಮೀ., ಎತ್ತರ 5 ಮೀ., ನೀರಿನಲ್ಲಿ ಮುಳುಗಿರುವುದು 3 ಮೀ. ಮುಂದಿನ ಲೆಕ್ಕಗಳು ಬಹುಪಾಲು ಇದರ ಮೇಲೆಯೇ.

ಹೆಜ್ಜೆ 1: ಅಳತೆಯ ಗೆರೆಗಳನ್ನು ಗುರುತಿಸಿ

ಹಡಗಿನಲ್ಲಿ ಯಾವುದು ಎಲ್ಲಿದೆ ಎಂದು ಒಟ್ಟಾರೆ ತೋರಿಸುವ ಜನರಲ್ ಅರೇಂಜ್‌ಮೆಂಟ್ ನಕ್ಷೆ ಬಿಡಿಸಿದ ಕೂಡಲೇ ಮೂರು ಗೆರೆಗಳನ್ನು ಹುಡುಕಿ. ಮೊದಲನೆಯದು ಬೇಸ್‌ಲೈನ್, ಅಂದರೆ ಕೀಲ್ ತಗಡಿನ ಮೇಲ್ಮೈಯಲ್ಲಿ ಅಡ್ಡಲಾಗಿ ಸಾಗುವ ಗೆರೆ. ಎತ್ತರದ ಅಳತೆಗಳೆಲ್ಲ ಇಲ್ಲಿಂದ. (ಕನ್ನಡದ ‘ಕೀಲು’ ಎಂಬ ಪದಕ್ಕೂ ಈ ಕೀಲ್‌ಗೂ ಸಂಬಂಧವಿಲ್ಲ. ಅದು ಸಂದು, ಇದು ಹಡಗಿನ ಬೆನ್ನುಮೂಳೆ.) ಎರಡನೆಯದು ಆಫ್ಟ್ ಪರ್ಪೆಂಡಿಕ್ಯುಲರ್: ಸಾಮಾನ್ಯವಾಗಿ ಚುಕ್ಕಾಣಿಯ ದಂಡದ ನಡುವಿನ ಮೂಲಕ ಹಾದುಹೋಗುವ ಲಂಬರೇಖೆ. ಮೂರನೆಯದು ಫೋರ್ವರ್ಡ್ ಪರ್ಪೆಂಡಿಕ್ಯುಲರ್: ಬೇಸಿಗೆ ಲೋಡ್ ಲೈನ್ (ಹಡಗು ಮುಳುಗಬಹುದಾದ ಮಿತಿಯ ಗೆರೆ) ಮಟ್ಟದ ನೀರಿನ ಗೆರೆ ಮೂತಿಯನ್ನು ಮುಟ್ಟುವಲ್ಲಿ ನಿಲ್ಲುವ ಲಂಬರೇಖೆ. ಈ ಎರಡು ಲಂಬಗಳ ನಡುವಿನ ದೂರವೇ ಎಲ್‌ಬಿಪಿ. ಮೂತಿಯ ತುದಿಯಿಂದ ಹಿಂಬದಿಯ ತುದಿವರೆಗಿನ ಒಟ್ಟು ಉದ್ದ ಎಲ್‌ಒಎ. ಬಂದರಿನ ಧಕ್ಕೆಯಲ್ಲಿ ಜಾಗ ಸಾಕೇ ಎಂದು ನೋಡುವವರಿಗೆ ಎಲ್‌ಒಎ ಬೇಕು, ತೇಲುವ ಲೆಕ್ಕ ಮಾಡುವವರಿಗೆ ಎಲ್‌ಬಿಪಿ ಬೇಕು.

‘ಮೌಲ್ಡೆಡ್’ ಎಂಬ ವಿಶೇಷಣ ಕಂಡರೆ ಅದು ಹೊರ ತಗಡಿನ ಒಳಮೈಯಿಂದ ತೆಗೆದ ಅಳತೆ. ‘ಎಕ್ಸ್‌ಟ್ರೀಮ್’ ಎಂದಿದ್ದರೆ ತಗಡಿನ ದಪ್ಪವೂ ಸೇರಿದೆ. ವ್ಯತ್ಯಾಸ ಅಲ್ಪ ಎನಿಸಬಹುದು. ಆದರೆ ಕೀಲ್ ತಗಡು 20 ಮಿ.ಮೀ. ದಪ್ಪವಿದ್ದು ನೀವು ಎರಡನ್ನೂ ಬೆರೆಸಿದಿರಿ ಎನ್ನೋಣ. ನಮ್ಮ ಬಾರ್ಜಿನಲ್ಲಿ ತೂಕದ ಲೆಕ್ಕ ಸುಮಾರು 15 ಟನ್ ತಪ್ಪುತ್ತದೆ. ಒಂದು ಸೆಂಟಿಮೀಟರ್ ಹೆಚ್ಚು ಮುಳುಗಲು 50 ಟನ್ ಬೇಕಾಗುವ ಹಡಗಿನಲ್ಲಿ ಅದೇ ತಪ್ಪು 100 ಟನ್.

ಇನ್ನು ಫ್ರೇಮ್ ಸಂಖ್ಯೆ. ಹಡಗಿನ ಪಕ್ಕೆಲುಬುಗಳಿಗೆ ಹಿಂದಿನ ಲಂಬರೇಖೆಯಲ್ಲಿ 0 ಎಂದು ಶುರುಮಾಡಿ ಮುಂದಕ್ಕೆ ಎಣಿಸುವುದು ಸಾಮಾನ್ಯ ರೂಢಿ. ಮುಂದಿನಿಂದ ಎಣಿಸುವ ಹಡಗು ಕಟ್ಟುವ ಯಾರ್ಡ್‌ಗಳೂ ಇವೆ, ಹಾಗಾಗಿ ನಕ್ಷೆಯ ಮೂಲೆಯ ಟಿಪ್ಪಣಿ ಓದದೆ ಮುಂದುವರಿಯಬೇಡಿ. ಫ್ರೇಮ್ 42 ಎಲ್ಲಿದೆ? ಅಂತರ 700 ಮಿ.ಮೀ. ಎಂದು 42 × 0.7 = 29.4 ಮೀ. ಎನ್ನುವುದು ಹೊಸಬರ ಉತ್ತರ. ಹಿಂದಿನ ತುದಿಯ ಪೀಕ್ ಭಾಗದಲ್ಲಿ, ಅಂದರೆ ಫ್ರೇಮ್ 10ರವರೆಗೆ ಅಂತರ 600 ಮಿ.ಮೀ. ಇದ್ದರೆ ಸರಿಯಾದ ಉತ್ತರ 6 + 22.4 = 28.4 ಮೀ. ಒಂದು ಮೀಟರ್ ಆಚೆ ಹೋಗಿ ಡೆಕ್ಕಿಗೆ ತೂತು ಕೊರೆಯುವುದು ಹೀಗೆಯೇ.

ಹೆಜ್ಜೆ 2: ಹಡಗಿನ ಮೈಮೇಲಿನ ಅಂಕಿಗಳನ್ನು ಓದಿ

ಡ್ರಾಫ್ಟ್ ಗುರುತುಗಳು ಮೂತಿ, ನಡು, ಹಿಂಬದಿ ಮೂರೂ ಕಡೆ, ಎಡ ಬಲ ಎರಡೂ ಪಕ್ಕದಲ್ಲಿ ಇರುತ್ತವೆ. ಮೆಟ್ರಿಕ್ ಅಂಕಿಯ ಎತ್ತರ 10 ಸೆಂ.ಮೀ., ಒಂದರ ಬುಡದಿಂದ ಮುಂದಿನದರ ಬುಡಕ್ಕೆ 20 ಸೆಂ.ಮೀ. ಓದಬೇಕಾದದ್ದು ಅಂಕಿಯ ಬುಡವನ್ನು. 3 ಮೀಟರಿನ ಮೇಲಿರುವ ‘4’ರ ಬುಡಕ್ಕೆ ನೀರು ತಾಗಿದರೆ 3.40 ಮೀ., ಅಂಕಿ ಅರ್ಧ ಮುಳುಗಿದರೆ 3.45, ಪೂರ್ತಿ ಮುಳುಗಿ ತಲೆಗೆ ನೀರು ಬಂದರೆ 3.50. ಅಲೆಯಿದ್ದಾಗ ಮೇಲಿನ ಮಟ್ಟ, ಕೆಳಗಿನ ಮಟ್ಟ ಎರಡನ್ನೂ ಹಲವು ಸಲ ಓದಿ ಸರಾಸರಿ ಹಿಡಿಯಿರಿ. ಒಂದೇ ಪಕ್ಕ ಓದಿ ಕೈಬಿಟ್ಟರೆ ಹಡಗು ಕೊಂಚ ವಾಲಿರುವುದು ಗೊತ್ತೇ ಆಗುವುದಿಲ್ಲ.

ಮೂತಿ, ಹಿಂಬದಿಯ ಡ್ರಾಫ್ಟುಗಳ ವ್ಯತ್ಯಾಸ ಟ್ರಿಮ್. ಮೂತಿಯಲ್ಲಿ 3.00, ಹಿಂದೆ 3.40 ಇದ್ದರೆ ಹಿಂದಕ್ಕೆ 40 ಸೆಂ.ಮೀ. ಟ್ರಿಮ್. ಸರಾಸರಿ 3.20. ನಡುವಿನ ಗುರುತು 3.17 ತೋರಿಸಿದರೆ ಓದಿದ್ದು ತಪ್ಪು ಎಂದು ಅಳಿಸಬೇಡಿ, ಹಡಗೇ 3 ಸೆಂ.ಮೀ. ಬಾಗಿರಬಹುದು. ನಡು ಮೇಲೆದ್ದು ಎರಡು ತುದಿ ಜಗ್ಗಿದರೆ ಅದು ಹಾಗಿಂಗ್. ಆಗ ಡೆಕ್ ಎಳೆತಕ್ಕೆ, ತಳ ಒತ್ತಡಕ್ಕೆ ಸಿಕ್ಕಿರುತ್ತದೆ. ನಡು ಜಗ್ಗಿದರೆ ಸ್ಯಾಗಿಂಗ್, ಎಳೆತ ಒತ್ತಡಗಳು ಅದಲುಬದಲು. ಅಲೆಯ ನೆತ್ತಿ ನಡುವಿಗೆ ಬಂದಾಗ ಹಾಗಿಂಗ್, ತಗ್ಗು ನಡುವಿಗೆ ಬಂದಾಗ ಸ್ಯಾಗಿಂಗ್ ಹೆಚ್ಚುತ್ತದೆ.

ನೀರಿನ ಗೆರೆಯಿಂದ ಡೆಕ್ಕಿನವರೆಗೆ ಉಳಿದ ಒಣ ಭಾಗ ಫ್ರೀಬೋರ್ಡ್. ನಮ್ಮ ಬಾರ್ಜಿಗೆ 2 ಮೀ. ಇದರ ಕನಿಷ್ಠ ಮಿತಿಯನ್ನು ತೋರಿಸುವುದೇ ಪ್ಲಿಮ್ಸೋಲ್ ಗುರುತು: 300 ಮಿ.ಮೀ. ವ್ಯಾಸದ ಉಂಗುರ, ಅದನ್ನು ಸೀಳುವ 450 ಮಿ.ಮೀ. ಉದ್ದ, 25 ಮಿ.ಮೀ. ದಪ್ಪದ ಪಟ್ಟಿ. ಪಟ್ಟಿಯ ಮೇಲಂಚು ಉಂಗುರದ ಕೇಂದ್ರದ ಮೂಲಕ ಹಾಯುತ್ತದೆ, ಅಳತೆ ಆ ಮೇಲಂಚಿಗೇ. ಪಕ್ಕದ ಏಣಿಯಂಥ ಗೆರೆಗಳು ಬೇರೆ ಬೇರೆ ನೀರು, ಋತುಗಳಿಗೆ. ಬೇಸಿಗೆ ಗೆರೆಗಿಂತ ಉಷ್ಣವಲಯದ ಗೆರೆ ಬೇಸಿಗೆ ಡ್ರಾಫ್ಟಿನ 48ನೇ ಒಂದು ಭಾಗ ಮೇಲೆ, ಚಳಿಗಾಲದ ಗೆರೆ ಅಷ್ಟೇ ಕೆಳಗೆ. ಬ್ರಿಟನ್ನಿನ 1876ರ ಕಾಯ್ದೆಯಿಂದ ಬಂದ ಈ ಗುರುತಿಗೆ ಇಂದಿನ ನಿಯಮಗಳನ್ನು ಕೊಟ್ಟದ್ದು 1966ರ ಅಂತಾರಾಷ್ಟ್ರೀಯ ಲೋಡ್ ಲೈನ್ ಒಪ್ಪಂದ.

ಹೆಜ್ಜೆ 3: ಯಾವ ಟನ್ ಎಂದು ಬಿಡಿಸಿಕೊಳ್ಳಿ

‘ಐವತ್ತು ಸಾವಿರ ಟನ್ನಿನ ಹಡಗು’ ಎಂಬ ಮಾತಿಗೆ ಅರ್ಥವೇ ಇಲ್ಲ, ಯಾವ ಟನ್ ಎಂದು ಹೇಳುವವರೆಗೆ. ಡಿಸ್‌ಪ್ಲೇಸ್‌ಮೆಂಟ್ ಎಂದರೆ ಹಡಗು ಪಕ್ಕಕ್ಕೆ ಸರಿಸಿದ ನೀರಿನ ತೂಕ, ಅಂದರೆ ಹಡಗಿನ ಆ ಹೊತ್ತಿನ ಪೂರ್ಣ ತೂಕ. ಅದರಲ್ಲಿ ಎರಡು ಭಾಗ. ಲೈಟ್‌ಶಿಪ್ ಎಂದರೆ ಉಕ್ಕು, ಯಂತ್ರ, ಪೀಠೋಪಕರಣಗಳ ತೂಕ. ಡೆಡ್‌ವೇಟ್ ಎಂದರೆ ಸರಕು, ಇಂಧನ, ನೀರು, ಜನ, ದಿನಸಿ. ಟ್ಯಾಂಕರು, ಬಲ್ಕ್ ಹಡಗುಗಳವರು ಗಾತ್ರ ಹೇಳುವುದು ಡೆಡ್‌ವೇಟಿನಲ್ಲಿ.

ಗ್ರಾಸ್ ಟನೇಜ್ ಮಾತ್ರ ತೂಕವೇ ಅಲ್ಲ. ಅದು ಮುಚ್ಚಿದ ಜಾಗಗಳ ಒಟ್ಟು ಗಾತ್ರದಿಂದ ಬರುವ, ಏಕಮಾನವಿಲ್ಲದ ಒಂದು ಸಂಖ್ಯೆ. 1969ರ ಅಂತಾರಾಷ್ಟ್ರೀಯ ಟನೇಜ್ ಒಪ್ಪಂದದ ಸೂತ್ರದಂತೆ ಗಾತ್ರವನ್ನು (0.2 + 0.02 × ಗಾತ್ರದ ಲಾಗ್)ನಿಂದ ಗುಣಿಸಬೇಕು, ಲಾಗ್ 10ರ ಆಧಾರದ್ದು. ಮುಚ್ಚಿದ ಜಾಗ 10,000 ಘನ ಮೀಟರ್ ಇದ್ದರೆ ಲಾಗ್ 4, ಗುಣಕ 0.28, ಗ್ರಾಸ್ ಟನೇಜ್ 2,800. ಪ್ರಯಾಣಿಕರ ಹಡಗಿನಲ್ಲಿ ಗ್ರಾಸ್ ಟನೇಜ್ ದೊಡ್ಡದು, ಡೆಡ್‌ವೇಟ್ ಸಣ್ಣದು. ಅದಿರು ಹೊರುವ ಹಡಗಿನಲ್ಲಿ ಉಲ್ಟಾ. ಇವೆರಡನ್ನು ಅಕ್ಕಪಕ್ಕ ಇಟ್ಟು ‘ಯಾವುದು ದೊಡ್ಡ ಹಡಗು’ ಎಂದು ವಾದಿಸುವುದು ಸಮಯ ಹಾಳು.

ಹೆಜ್ಜೆ 4: ಬಾರ್ಜನ್ನು ಕಾಗದದ ಮೇಲೆ ತೇಲಿಸಿ

ಮುಳುಗಿದ ಗಾತ್ರ: 60 × 12 × 3 = 2,160 ಘನ ಮೀ. ಸಮುದ್ರದ ನೀರಿನ ಸಾಂದ್ರತೆ 1.025 ಹಿಡಿದರೆ ಡಿಸ್‌ಪ್ಲೇಸ್‌ಮೆಂಟ್ 2,214 ಟನ್. ನಿಜವಾದ ಹಡಗು ಇಟ್ಟಿಗೆಯಲ್ಲ, ತುದಿಗಳಲ್ಲಿ ಕೆತ್ತಿಹೋಗಿರುತ್ತದೆ. ಉದ್ದ, ಅಗಲ, ಡ್ರಾಫ್ಟ್ ಗುಣಿಸಿ ಬಂದ ಇಟ್ಟಿಗೆಯಲ್ಲಿ ಹಡಗು ಎಷ್ಟು ಪಾಲು ತುಂಬುತ್ತದೆ ಎಂಬುದೇ ಬ್ಲಾಕ್ ಕೋಎಫಿಶಿಯಂಟ್. ಬಾರ್ಜಿಗೆ 1. ತುಂಬು ಮೈಯ ಟ್ಯಾಂಕರಿಗೆ ಸುಮಾರು 0.8 ಅಥವಾ ಅದಕ್ಕಿಂತ ಕೊಂಚ ಹೆಚ್ಚು, ವೇಗದ ಕಂಟೈನರ್ ಹಡಗಿಗೆ 0.6ರಿಂದ 0.7.

ಒಂದು ಸೆಂ.ಮೀ. ಹೆಚ್ಚು ಮುಳುಗಿಸಲು ಬೇಕಾದ ತೂಕ ಟಿಪಿಸಿ: ನೀರಿನ ಮಟ್ಟದ ವಿಸ್ತೀರ್ಣ 720 ಚ.ಮೀ. × 1.025 ÷ 100 = 7.38 ಟನ್. ಸಿಹಿನೀರಿಗೆ ಬಂದರೆ ಹಡಗು ಎಷ್ಟು ಕೆಳಗಿಳಿಯುತ್ತದೆ ಎಂಬುದು ಇದರಿಂದಲೇ ಸಿಗುತ್ತದೆ. ಡಿಸ್‌ಪ್ಲೇಸ್‌ಮೆಂಟನ್ನು ಟಿಪಿಸಿಯ ನಾಲ್ಕು ಪಟ್ಟಿನಿಂದ ಭಾಗಿಸಿ: 2,214 ÷ 29.52 = 75 ಮಿ.ಮೀ.

ಈಗ ಲಂಬ ದಿಕ್ಕಿನ ನಾಲ್ಕು ಬಿಂದುಗಳು. ಕೆ ಎಂದರೆ ಕೀಲ್. ಬಿ ಎಂದರೆ ಮುಳುಗಿದ ಗಾತ್ರದ ಕೇಂದ್ರ, ನೀರು ಮೇಲಕ್ಕೆ ಒತ್ತುವುದು ಈ ಬಿಂದುವಿನ ಮೂಲಕ. ಜಿ ಎಂದರೆ ಹಡಗಿನ ಗುರುತ್ವಕೇಂದ್ರ. ಎಂ ಎಂದರೆ ಮೆಟಾಸೆಂಟರ್. ಹಡಗು ಕೊಂಚ ವಾಲಿದಾಗ ಮುಳುಗಿದ ಭಾಗದ ಆಕಾರ ಬದಲಾಗಿ ಬಿ ವಾಲಿದ ಕಡೆಗೆ ಸರಿಯುತ್ತದೆ. ಅಲ್ಲಿಂದ ನೆಟ್ಟಗೆ ಮೇಲಕ್ಕೆ ಎಳೆದ ಗೆರೆ ಹಡಗಿನ ನಡುಗೆರೆಯನ್ನು ಕತ್ತರಿಸುವ ಜಾಗವೇ ಎಂ. ಫ್ರೆಂಚ್ ವಿಜ್ಞಾನಿ ಪಿಯರ್ ಬೂಗೆ 1746ರಲ್ಲಿ ಇದನ್ನು ವಿವರಿಸಿದ.

ಬಾರ್ಜಿಗೆ ಹಾಕಿ ನೋಡಿ. ಕೆಬಿ ಡ್ರಾಫ್ಟಿನ ಅರ್ಧ, 1.5 ಮೀ. ಬಿಎಂ ಎಂದರೆ ಅಗಲದ ವರ್ಗವನ್ನು ಡ್ರಾಫ್ಟಿನ ಹನ್ನೆರಡು ಪಟ್ಟಿನಿಂದ ಭಾಗಿಸಿದ್ದು: 144 ÷ 36 = 4 ಮೀ. ಕೂಡಿದರೆ ಕೆಎಂ 5.5 ಮೀ. ಸರಕು ಹೇರಿದ ಮೇಲೆ ಕೆಜಿ 4.2 ಮೀ. ಎಂದಿಟ್ಟುಕೊಳ್ಳಿ. (ಈ ಕೆಜಿ ಕಿಲೋಗ್ರಾಂ ಅಲ್ಲ, ಕೀಲಿನಿಂದ ಜಿ ಬಿಂದುವಿಗಿರುವ ಎತ್ತರ.) ಜಿಎಂ = 5.5 − 4.2 = 1.3 ಮೀ. ಜಿ ಕೆಳಗೆ, ಎಂ ಮೇಲೆ ಇರುವವರೆಗೆ ಹಡಗು ವಾಲಿದರೂ ಎದ್ದು ನಿಲ್ಲುತ್ತದೆ. ಅಗಲದ ವರ್ಗ ಬಂದದ್ದನ್ನು ಗಮನಿಸಿ. ಅಗಲ ಒಂದಿಷ್ಟು ಹೆಚ್ಚಿದರೂ ಬಿಎಂ ಜಿಗಿಯುತ್ತದೆ.

ಉದ್ದದ ದಿಕ್ಕಿಗೂ ಇದೇ ಸೂತ್ರ: 3,600 ÷ 36 = 100 ಮೀ. ಉದ್ದದ ಜಿಎಂ 100 + 1.5 − 4.2 = 97.3 ಮೀ. ಒಂದು ಸೆಂ.ಮೀ. ಟ್ರಿಮ್ ಬದಲಿಸಲು ಬೇಕಾದ ಮೊಮೆಂಟ್ ಎಂಸಿಟಿ: 2,214 × 97.3 ÷ 6,000 (ಉದ್ದದ ನೂರು ಪಟ್ಟು) = 35.9 ಟನ್-ಮೀಟರ್. 10 ಟನ್ ಸರಕನ್ನು 30 ಮೀ. ಹಿಂದಕ್ಕೆ ಸರಿಸಿದರೆ 300 ÷ 35.9, ಸುಮಾರು 8.4 ಸೆಂ.ಮೀ. ಟ್ರಿಮ್. ಬಾರ್ಜ್ ನಡುವಿನಲ್ಲೇ ತಿರುಗುವುದರಿಂದ ಹಿಂದೆ 4.2 ಇಳಿದು ಮುಂದೆ 4.2 ಏರುತ್ತದೆ. ನಿಜವಾದ ಹಡಗು ತಿರುಗುವುದು ನೀರಿನ ಮಟ್ಟದ ವಿಸ್ತೀರ್ಣದ ಕೇಂದ್ರವಾದ ಎಲ್‌ಸಿಎಫ್ ಸುತ್ತ. ಅದು ನಡುವಿನಲ್ಲಿ ಇರಲೇಬೇಕೆಂದಿಲ್ಲ. ಕೋಷ್ಟಕದಲ್ಲಿ ಎಲ್‌ಸಿಎಫ್ ಅಂಕಿಯನ್ನು ಹಿಂದಿನ ಲಂಬರೇಖೆಯಿಂದ ಕೊಟ್ಟಿದ್ದಾರೋ, ನಡುವಿನಿಂದ ಕೂಡು-ಕಳೆ ಚಿಹ್ನೆ ಹಾಕಿ ಕೊಟ್ಟಿದ್ದಾರೋ ನೋಡಿಕೊಳ್ಳಿ. ಚಿಹ್ನೆ ತಪ್ಪಿದರೆ ಲೆಕ್ಕದಲ್ಲಿ ಹಡಗು ಮೂತಿ ಕೆಳಗೆ ಮಾಡಿ ನಿಲ್ಲಬಹುದು.

ಹೆಜ್ಜೆ 5: ಜಿಎಂ ಎಲ್ಲಿ ಸೋರುತ್ತದೆ ಎಂದು ನೋಡಿ

ಇಲ್ಲಿ ಅವಸರ ಬೇಡ. ಬಾರ್ಜಿನ ತಳದಲ್ಲಿ 10 ಮೀ. ಉದ್ದದ, ಪೂರ್ತಿ 12 ಮೀ. ಅಗಲದ ಒಂದು ಟ್ಯಾಂಕಿನಲ್ಲಿ ಸಮುದ್ರದ ನೀರು ಅರ್ಧ ತುಂಬಿದೆ. (ಮೇಲಿನ ತೂಕ, ಕೆಜಿ ಎರಡರಲ್ಲೂ ಅದು ಸೇರಿದೆ ಎನ್ನಿ.) ಹಡಗು ವಾಲಿದ ಕೂಡಲೇ ಆ ನೀರೂ ವಾಲಿದ ಕಡೆಗೆ ಓಡುತ್ತದೆ. ಅದರ ಪರಿಣಾಮ ಜಿ ಮೇಲೇರಿದಂತೆಯೇ. ಇದೇ ಫ್ರೀ ಸರ್ಫೇಸ್ ಎಫೆಕ್ಟ್. ಲೆಕ್ಕ: ಟ್ಯಾಂಕಿನ ಉದ್ದ × ಅಗಲದ ಘನ ÷ 12 = 10 × 1,728 ÷ 12 = 1,440. ಇದನ್ನು ಮುಳುಗಿದ ಗಾತ್ರವಾದ 2,160ರಿಂದ ಭಾಗಿಸಿದರೆ 0.67 ಮೀ. 1.3 ಇದ್ದ ಜಿಎಂ 0.63ಕ್ಕೆ ಇಳಿಯಿತು! ನೀರಿನ ಆಳ ಲೆಕ್ಕದಲ್ಲೇ ಬರಲಿಲ್ಲ ನೋಡಿ. ಒಂದು ಗೇಣು ನೀರಾದರೂ ಸರಿ, ಮೇಲ್ಮೈ ಅಗಲವಾಗಿದ್ದರೆ ಸಾಕು. ಟ್ಯಾಂಕಿನ ನಡುವೆ ಉದ್ದಕ್ಕೂ ಒಂದು ಗೋಡೆ ಹಾಕಿದರೆ ನಷ್ಟ ಕಾಲು ಭಾಗಕ್ಕೆ, ಸುಮಾರು 0.17 ಮೀಟರಿಗೆ ಇಳಿಯುತ್ತದೆ. ಟ್ಯಾಂಕುಗಳನ್ನು ಪೂರ್ತಿ ತುಂಬಿ, ಇಲ್ಲವೇ ಪೂರ್ತಿ ಬರಿದು ಮಾಡಿ ಎಂಬ ಮಾತಿನ ಹಿಂದಿರುವುದು ಇದು. 1987ರಲ್ಲಿ ಜೀಬ್ರುಗ್ ಬಂದರಿನಿಂದ ಮೂತಿಯ ಬಾಗಿಲು ತೆರೆದೇ ಹೊರಟ ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್ ಫೆರಿ ನಿಮಿಷಗಳಲ್ಲಿ ಮಗುಚಿದ್ದು ಅಡ್ಡಗೋಡೆಗಳಿಲ್ಲದ ವಾಹನದ ಡೆಕ್ಕಿಗೆ ಹೀಗೆ ನೀರು ಹರಡಿದ್ದರಿಂದ.

ಜಿಎಂ ಕುಸಿದದ್ದು ಹಡಗಿನ ಓಲಾಟದಲ್ಲೇ ತಿಳಿಯುತ್ತದೆ. ಒಂದು ಪೂರ್ತಿ ಓಲಾಟದ ಅವಧಿ ಸುಮಾರು 0.8 × ಅಗಲ ÷ ಜಿಎಂನ ವರ್ಗಮೂಲ. 1.3 ಇದ್ದಾಗ 8.4 ಸೆಕೆಂಡು, 0.63 ಆದಾಗ 12 ಸೆಕೆಂಡು. ಬೇಗ ಬೇಗ ಜಗ್ಗುವ ಹಡಗು ಸ್ಟಿಫ್, ನಿಧಾನಕ್ಕೆ ಓಲಾಡಿ ಏಳಲು ಯೋಚಿಸುವ ಹಡಗು ಟೆಂಡರ್. ಕೂತವರಿಗೆ ಎರಡನೆಯದು ಹಿತ, ಲೆಕ್ಕ ಹಾಕುವವರಿಗೆ ಆತಂಕ.

ಟ್ಯಾಂಕಿನ ನೀರಿನ ಓಟವನ್ನು ಬದಿಗಿಡಿ. ಸರಕನ್ನು ಇನ್ನೂ ಮೇಲೆ ಪೇರಿಸಿ ಕೆಜಿ 5.6 ಆಯಿತೆನ್ನಿ. ಜಿಎಂ −0.1 ಮೀ. ಬಾರ್ಜ್ ನೆಟ್ಟಗೆ ನಿಲ್ಲಲಾರದು, ಸುಮಾರು 12.6 ಡಿಗ್ರಿ ವಾಲಿ ಅಲ್ಲಿ ತೂಗುತ್ತದೆ. ಇದು ಲಾಲ್. ತೂಕ ಒಂದು ಪಕ್ಕಕ್ಕೆ ಹೆಚ್ಚಾಗಿ ವಾಲುವುದು ಲಿಸ್ಟ್. ಗಾಳಿ, ಅಲೆಯಂಥ ಹೊರಬಲದಿಂದ ವಾಲುವುದು ಹೀಲ್. ಲಾಲನ್ನು ಲಿಸ್ಟ್ ಎಂದು ತಿಳಿದು ಎತ್ತರದ ಪಕ್ಕಕ್ಕೆ ತೂಕ ಸರಿಸಿದರೆ ಹಡಗು ಆ ಕಡೆಗೆ ಧಡಕ್ಕನೆ ಬಿದ್ದು ಮೊದಲಿಗಿಂತ ಹೆಚ್ಚು ವಾಲುತ್ತದೆ. ಮಾಡಬೇಕಾದದ್ದು ಜಿ ಕೆಳಗಿಳಿಸುವುದು: ಡಬಲ್ ಬಾಟಮ್ಮಿನ (ಹೊರ ತಳ, ಒಳ ತಳಗಳ ನಡುವಿನ ಜಾಗದ) ಸಣ್ಣ, ವಿಭಜಿತ ಟ್ಯಾಂಕನ್ನು ಒಂದೊಂದಾಗಿ, ಮೊದಲು ತಗ್ಗಿದ ಪಕ್ಕದ್ದನ್ನು ತುಂಬಬೇಕು.

ಇನ್‌ಕ್ಲೈನಿಂಗ್ ಪರೀಕ್ಷೆ ಹಡಗಿನ ನಿಜವಾದ ಜಿ ಹುಡುಕುವ ದಾರಿ. ಗೊತ್ತಿರುವ ತೂಕವನ್ನು ಗೊತ್ತಿರುವಷ್ಟು ದೂರ ಅಡ್ಡಕ್ಕೆ ಸರಿಸಿ, ತೂಗುಗುಂಡು ಎಷ್ಟು ಸರಿಯಿತು ಎಂದು ಅಳೆಯುತ್ತಾರೆ. ನಮ್ಮ ಬಾರ್ಜಿನಲ್ಲಿ 10 ಟನ್ನನ್ನು 5 ಮೀ. ಸರಿಸಿದರೆ ವಾಲು ಸುಮಾರು 1 ಡಿಗ್ರಿ, 4 ಮೀ. ಉದ್ದದ ತೂಗುಗುಂಡಿನಲ್ಲಿ 69 ಮಿ.ಮೀ. ಚಿಲ್ಲರೆ. ಗುಂಡು ತುಯ್ದಾಡದಂತೆ ನೀರಿನ ಅಥವಾ ಎಣ್ಣೆಯ ತೊಟ್ಟಿಯಲ್ಲಿ ಮುಳುಗಿಸಿಡಿ. ಕಟ್ಟುಹಗ್ಗಗಳು ಸಡಿಲವಾಗಿರಲಿ, ಬಿಗಿದ ಹಗ್ಗವೊಂದೇ ಸಾಕು ಅಂಕಿ ಕೆಡಿಸಲು. ಟ್ಯಾಂಕುಗಳು ಬರಿದು ಅಥವಾ ಭರ್ತಿ, ಜನ ತಮ್ಮ ಜಾಗದಲ್ಲಿ, ಗಾಳಿ ಕಡಿಮೆ. 1628ರಲ್ಲಿ ಸ್ವೀಡನ್ನಿನ ವಾಸಾ ಯುದ್ಧನೌಕೆಯನ್ನು ಪರೀಕ್ಷಿಸಿದ್ದು 30 ಜನರನ್ನು ಡೆಕ್ಕಿನ ಮೇಲೆ ಅತ್ತಿಂದಿತ್ತ ಓಡಿಸಿ. ಓಲಾಟ ಕಂಡು ಮೂರೇ ಓಟಕ್ಕೆ ನಿಲ್ಲಿಸಿದರು, ಆದರೂ ಹಡಗನ್ನು ಯಾನಕ್ಕೆ ಕಳಿಸಿದರು. ಮೊದಲ ಯಾನದಲ್ಲೇ ಸುಮಾರು 1,300 ಮೀಟರ್ ಸಾಗಿ ಮುಳುಗಿತು.

ಜಿಎಂ ಸಣ್ಣ ಕೋನಗಳ ಕಥೆ. ದೊಡ್ಡ ಕೋನಕ್ಕೆ ಜಿಝಡ್ ವಕ್ರರೇಖೆ ಬೇಕು: ಪ್ರತಿ ಕೋನದಲ್ಲಿ ಹಡಗನ್ನು ಎಬ್ಬಿಸುವ ಸನ್ನೆಯ ತೋಳು ಎಷ್ಟು ಉದ್ದ ಎಂಬುದು. ಅಂತಾರಾಷ್ಟ್ರೀಯ ನಿಯಮದ ಸಾಮಾನ್ಯ ಮಿತಿಗಳು: ಆರಂಭದ ಜಿಎಂ ಕನಿಷ್ಠ 0.15 ಮೀ.; 30 ಡಿಗ್ರಿ ಅಥವಾ ಅದಕ್ಕೂ ಮೇಲಿನ ಕೋನದಲ್ಲಿ ಜಿಝಡ್ ಕನಿಷ್ಠ 0.20 ಮೀ.; ಗರಿಷ್ಠ ಜಿಝಡ್ 25 ಡಿಗ್ರಿಗಿಂತ ಮುಂಚೆ ಬರಕೂಡದು; 30 ಡಿಗ್ರಿವರೆಗೆ ವಕ್ರರೇಖೆಯ ಕೆಳಗಿನ ವಿಸ್ತೀರ್ಣ ಕನಿಷ್ಠ 0.055 ಮೀಟರ್-ರೇಡಿಯನ್.

ಹೆಜ್ಜೆ 6: ಉಕ್ಕಿನ ಪದಗಳು

ಇಲ್ಲಿ ಮನೆಯ ಅರ್ಥಗಳು ದಾರಿ ತಪ್ಪಿಸುತ್ತವೆ. ‘ಫ್ಲೋರ್’ ನಡೆದಾಡುವ ನೆಲವಲ್ಲ, ಡಬಲ್ ಬಾಟಮ್ಮಿನೊಳಗೆ ಅಡ್ಡಲಾಗಿ ನಿಲ್ಲಿಸಿದ ತಗಡು. ಉದ್ದಕ್ಕೆ ನಿಂತದ್ದು ಗರ್ಡರ್. ನಡೆಯುವ ಮೇಲ್ಮೈ ಟ್ಯಾಂಕ್ ಟಾಪ್. ನೀರು ಬಿಡದ ಗೋಡೆ ಬಲ್ಕ್‌ಹೆಡ್. ಎಣ್ಣೆಗೂ ನೀರಿಗೂ ನಡುವೆ ಖಾಲಿ ಬಿಟ್ಟ ಸಂದು ಕಾಫರ್‌ಡ್ಯಾಮ್, ಒಂದು ತಗಡು ಸೋರಿದರೂ ಎರಡೂ ಬೆರೆಯದಿರಲಿ ಎಂದು. ಈ ಎಲ್ಲ ಭಾಗಗಳ ದಪ್ಪ, ಅಗಲಗಳಿಗೆ ಒಟ್ಟಾಗಿ ಸ್ಕ್ಯಾಂಟ್ಲಿಂಗ್ ಎನ್ನುತ್ತಾರೆ.

ಹೆಜ್ಜೆ 7: ಎಂಜಿನ್ನಿನಿಂದ ಪ್ರೊಪೆಲ್ಲರಿನವರೆಗೆ

ಎಂಸಿಆರ್ ಎಂದರೆ ಎಂಜಿನ್ ನಿರಂತರವಾಗಿ ಕೊಡಬಲ್ಲ ಗರಿಷ್ಠ ಶಕ್ತಿ. ಯಾರೂ ದಿನವೂ ಅಷ್ಟರಲ್ಲಿ ಓಡಿಸುವುದಿಲ್ಲ, ಸಾಮಾನ್ಯವಾಗಿ 85–90 ಪ್ರತಿಶತದಲ್ಲಿ ಓಡಿಸುತ್ತಾರೆ. ಅಲೆ, ಗಾಳಿ, ತಳಕ್ಕೆ ಅಂಟಿದ ಪಾಚಿಗಾಗಿ ಮೊದಲೇ ಸೇರಿಸುವ ಹೆಚ್ಚುವರಿ ಶಕ್ತಿ ಸೀ ಮಾರ್ಜಿನ್, ರೂಢಿಯಲ್ಲಿ 15 ಪ್ರತಿಶತ. ಶಕ್ತಿ ಸುಮಾರು ವೇಗದ ಘನದಂತೆ ಏರುತ್ತದೆ. ವೇಗ 10 ಪ್ರತಿಶತ ಹೆಚ್ಚಿಸಲು 33 ಪ್ರತಿಶತ ಹೆಚ್ಚು ಶಕ್ತಿ ಬೇಕು.

ಸೀ ಚೆಸ್ಟ್ ಎಂದರೆ ತಂಪು ನೀರು ಒಳಗೆಳೆಯುವ, ಜಾಲರಿ ಹಾಕಿದ ಪೆಟ್ಟಿಗೆ. ಮೇಲೊಂದು ಕೆಳಗೊಂದು ಇರುತ್ತವೆ. ಆಳವಿಲ್ಲದ ನೀರಿನಲ್ಲಿ ಮೇಲಿನದನ್ನು ತೆರೆಯಿರಿ, ಇಲ್ಲವಾದರೆ ಕೆಸರು ಫಿಲ್ಟರಿಗೆ ತುಂಬುತ್ತದೆ. ತೆರೆದ ಸಮುದ್ರದಲ್ಲಿ ಕೆಳಗಿನದು, ಹಡಗು ಓಲಾಡಿದಾಗ ಗಾಳಿ ಎಳೆಯದಿರಲಿ ಎಂದು. ಪ್ರೊಪೆಲ್ಲರ್ ದಂಡ ಹೊರಬೀಳುವ ಕೊಳವೆ ಸ್ಟರ್ನ್ ಟ್ಯೂಬ್. ಎಣ್ಣೆ ತುಂಬಿದ ವಿನ್ಯಾಸವಾದರೆ ಮೇಲಿನಿಂದ ಎಣ್ಣೆ ಒದಗಿಸುವ ಹೆಡರ್ ಟ್ಯಾಂಕನ್ನು ದಿನವೂ ನೋಡಿ. ಮಟ್ಟ ಇಳಿಯುತ್ತಿದ್ದರೆ ಸೀಲ್ ದಾಟಿ ಎಣ್ಣೆ ಸೋರುತ್ತಿರಬಹುದು. ತೆಗೆದ ಎಣ್ಣೆಯ ಮಾದರಿ ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ನೀರು ಬಂದಿದೆ.

ಪ್ರೊಪೆಲ್ಲರ್ ಒಂದು ಸುತ್ತಿಗೆ ಗಟ್ಟಿ ವಸ್ತುವಿನಲ್ಲಿ ಸ್ಕ್ರೂನಂತೆ ಎಷ್ಟು ಮುಂದೆ ಹೋಗುತ್ತಿತ್ತೋ ಅದು ಪಿಚ್. ಅಲಗಿನ ಬೆನ್ನಿನ ಮೇಲೆ ಒತ್ತಡ ತೀರಾ ಕುಸಿದು ನೀರು ಆವಿಯ ಗುಳ್ಳೆಯಾಗಿ, ಮರುಕ್ಷಣ ಗುಳ್ಳೆ ಒಡೆದು ಲೋಹವನ್ನು ಕಿತ್ತು ತಿನ್ನುವುದು ಕ್ಯಾವಿಟೇಶನ್. ಡಾಕಿನಲ್ಲಿ ನೋಡಿದರೆ ಅಲಗಿನ ಮೇಲೆ ಸ್ಪಂಜಿನಂತೆ ತೂತು ತೂತು.

ಕೊನೆಯ ಲೆಕ್ಕ ಸ್ಲಿಪ್. ಪಿಚ್ 4 ಮೀ., ನಿಮಿಷಕ್ಕೆ 120 ಸುತ್ತು: ಗಂಟೆಗೆ 28,800 ಮೀ. ಒಂದು ನಾಟಿಕಲ್ ಮೈಲಿ 1,852 ಮೀ., ಹಾಗಾಗಿ 15.55 ನಾಟ್. ಹಡಗು ಓಡಿದ್ದು 14 ನಾಟ್ ಆದರೆ ಸ್ಲಿಪ್ ಸುಮಾರು 10 ಪ್ರತಿಶತ. ಹವೆ ಚೆನ್ನಾಗಿದ್ದೂ ವಾರದಿಂದ ವಾರಕ್ಕೆ ಇದು ಏರುತ್ತಿದ್ದರೆ ತಳಕ್ಕೆ ಪಾಚಿ, ಚಿಪ್ಪು ಅಂಟಿದೆ ಅಥವಾ ಅಲಗು ಕೆಟ್ಟಿದೆ ಎಂದು ಸಂಶಯಪಡಿ. ಸ್ಲಿಪ್ ಸೊನ್ನೆಗಿಂತ ಕೆಳಗೆ ಹೋದರೆ ಪ್ರೊಪೆಲ್ಲರನ್ನು ದೂರುವ ಮುನ್ನ 14 ನಾಟ್ ಎಲ್ಲಿಂದ ಬಂತು ನೋಡಿ. ಜಿಪಿಎಸ್ ಕೊಡುವುದು ನೆಲದ ಮೇಲಿನ ವೇಗ, ಹಿಂದಿನಿಂದ ಪ್ರವಾಹ ತಳ್ಳುತ್ತಿದ್ದರೆ ಅದೂ ಸೇರಿರುತ್ತದೆ. ನೀರಿನ ಮೂಲಕ ಓಡಿದ ವೇಗವನ್ನು ಸ್ಪೀಡ್ ಲಾಗ್‌ನಿಂದ ತೆಗೆದುಕೊಂಡು ಲೆಕ್ಕವನ್ನು ಮತ್ತೊಮ್ಮೆ ಮಾಡಿ.